ವಿಶ್ವವಿದ್ಯಾಲಯದ ಸಿಬ್ಬಂದಿ ನೆಮ್ಮದಿಯಾಗಿ ಕೆಲಸ ಮಾಡಬೇಕಾದರೆ: ಯೋಗ ದಿನಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು

ವಿಶ್ವವಿದ್ಯಾಲಯದಲ್ಲಿ ‘ಸಿಬ್ಬಂದಿ ಕ್ಷೇಮ’ ಅಂದ ಕೂಡಲೇ ಏನು ನಡೆಯುತ್ತದೆ ಅಂತ ನಮಗೆಲ್ಲ ಗೊತ್ತು. ಜೂನ್ 21ಕ್ಕೆ ಯೋಗ, ಮಾರ್ಚ್ 8ಕ್ಕೆ ಮಹಿಳಾ ದಿನ, ನಡುವೆ ಯಾವಾಗಲೋ ಒಂದು ಒತ್ತಡ ನಿರ್ವಹಣೆಯ ಉಪನ್ಯಾಸ. ಉಪನ್ಯಾಸ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನವರು ಫೋಟೊಕ್ಕೆ ನಿಂತಿರುತ್ತಾರೆ, ಹಿಂದಿನ ಸಾಲಿನವರು ಚಹಾ ಕುಡಿಯಲು ಹೋಗಿರುತ್ತಾರೆ. ಆ ಹಿಂದಿನ ಸಾಲಿನವರನ್ನು ಒಮ್ಮೆ ಮಾತಾಡಿಸಿ ನೋಡಿ. “ಒತ್ತಡ ಇಳಸೂದು ಆಮ್ಯಾಲ ನೋಡೂಣ್ರಿ ಸರ್, ಮೊದಲ ನನ್ನ ಇನ್‌ಕ್ರಿಮೆಂಟ್ ಫೈಲ್ ಎಲ್ಲೈತಿ ಹೇಳ್ರಿ” ಅಂತಾರೆ.

ಈ ಬರಹ ಆ ಮಾತಿನಿಂದಲೇ ಶುರುವಾಗುತ್ತದೆ. ಆಡಳಿತ ಶಾಖೆಯಲ್ಲಿ ಕೂತು ನಾನು ನೋಡಿದ ಮಟ್ಟಿಗೆ, ಜನ ಕೆಲಸ ಜಾಸ್ತಿ ಅಂತ ಗೊಣಗುತ್ತಾರೆ, ಆದರೆ ಅದರಿಂದ ಕುಗ್ಗುವುದು ಕಡಿಮೆ. ಸಂಬಳ ಯಾವಾಗ ಬರುತ್ತದೆ, ರಜೆ ಮಂಜೂರಾಯಿತೋ ಇಲ್ಲವೋ, ತನ್ನ ಕಡತ ಯಾರ ಮೇಜಿನ ಮೇಲಿದೆ, ಬರುವ ಸೆಮಿಸ್ಟರ್‌ಗೆ ತಾನು ಇರುತ್ತೇನೋ ಇಲ್ಲವೋ: ಇವು ಗೊತ್ತಾಗದೇ ಇದ್ದಾಗ ಮನುಷ್ಯ ಒಳಗೊಳಗೇ ಸೋತುಹೋಗುತ್ತಾನೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಖುಷಿಯ ಕಾರ್ಯಕ್ರಮಗಳು ಕೊನೆಗೆ ಬರುತ್ತವೆ. ಮೊದಲು ಬರುವುದು ಸಂಬಳ, ಕಡತ, ಶೌಚಾಲಯ.

ಧಾರವಾಡ, ಗದಗ, ಹಾವೇರಿ ಕಡೆಯ ನಮ್ಮ ಭಾಗದಲ್ಲಿ ವಿಶ್ವವಿದ್ಯಾಲಯಗಳಿಗೆ ಬರವಿಲ್ಲ. 1949ರಲ್ಲಿ ಹುಟ್ಟಿ, ಮರುವರ್ಷ ಮುಂಬೈಯಿಂದ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ ಎಲ್ಲಕ್ಕಿಂತ ಹಿರಿಯದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರದ್ದು. ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ, ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ, ಗದಗದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಈಚೆಗೆ ಹಾವೇರಿ ವಿಶ್ವವಿದ್ಯಾಲಯ. ಖಾಸಗಿಯವು ಬೇರೆ. ಒಂದೊಂದರ ಕಷ್ಟ ಒಂದೊಂದು ಥರ. ಆದರೂ ಕುಲಸಚಿವರಿರಲಿ, ವಿಭಾಗದ ಮುಖ್ಯಸ್ಥರಿರಲಿ, ನೌಕರರ ಸಂಘದ ಕಾರ್ಯದರ್ಶಿ ಇರಲಿ, ಇಲ್ಲಿ ಹೇಳಿದ್ದರಲ್ಲಿ ನಿಮ್ಮ ಕೈಲಿ ಆಗುವಂಥದ್ದು ಒಂದಿಷ್ಟು ಇದ್ದೇ ಇರುತ್ತದೆ.

1. ಸಿಬ್ಬಂದಿ ಅಂದರೆ ಯಾರು? ಪೂರ್ತಿ ಪಟ್ಟಿ ಮಾಡಿ

ಕ್ಷೇಮ ಸಮಿತಿಯ ಕಾಗದಪತ್ರ ತೆಗೆದು ನೋಡಿದರೆ ಅದರಲ್ಲಿ ಕಾಯಂ ಬೋಧಕರು, ಕಾಯಂ ಬೋಧಕೇತರರು ಇಷ್ಟೇ ಇರುತ್ತಾರೆ. ಕ್ಯಾಂಪಸ್ಸಿನಲ್ಲಿ ಬೆಳಿಗ್ಗೆ ಒಂದು ಸುತ್ತು ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಪಾಠ ಮಾಡುವವರಲ್ಲಿ ಅತಿಥಿ ಉಪನ್ಯಾಸಕರು ಬಹಳ. ಗೇಟಿನಲ್ಲಿ ನಿಂತವರು, ಕಸ ಗುಡಿಸುವವರು, ಡಾಟಾ ಎಂಟ್ರಿ ಮಾಡುವವರು, ಹಾಸ್ಟೆಲ್ ಅಡುಗೆಯವರು ಎಲ್ಲ ಹೊರಗುತ್ತಿಗೆಯವರು, ಅಂದರೆ ಗುತ್ತಿಗೆದಾರನ ಮೂಲಕ ಬಂದವರು. ದಿನಗೂಲಿಯವರು, ಪ್ರಾಜೆಕ್ಟ್ ಸಹಾಯಕರು, ಸಂಶೋಧನಾ ವಿದ್ಯಾರ್ಥಿಗಳೂ ಇದ್ದಾರೆ.

ಇವರೆಲ್ಲರ ಹೆಸರು, ಯಾವ ರೀತಿಯ ನೇಮಕ, ಯಾರು ಸಂಬಳ ಕೊಡುತ್ತಾರೆ, ಯಾರಿಗೆ ವರದಿ ಮಾಡುತ್ತಾರೆ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ಪಟ್ಟಿ ಮಾಡುವಾಗಲೇ ಕೆಲವು ಸಂಗತಿ ಹೊರಬೀಳುತ್ತವೆ. ಒಬ್ಬರಿಗೆ ಮೂರು ಜನ ‘ಸಾಹೇಬರು’ ಇರುತ್ತಾರೆ. ಇನ್ನೊಬ್ಬರ ರಜೆಗೆ ಯಾರ ಸಹಿ ಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ.

2. ಕೇಳಿ. ಆದರೆ ಕೇಳುವ ಮೊದಲು ಉತ್ತರ ಕೊಡಲು ತಯಾರಾಗಿ

ಒಂದು ಹಾಳೆಯ ಸಮೀಕ್ಷೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ‘ಡಬ್ಲ್ಯುಎಚ್‌ಒ-5’ ಎಂಬ ಐದು ಪ್ರಶ್ನೆಗಳ ಮಾಪಕ 1998ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರ ನೀವು ಹೇಗಿದ್ದಿರಿ ಎಂದು ಅದು ಕೇಳುತ್ತದೆ. ಮನಸ್ಸು ಖುಷಿಯಾಗಿತ್ತೇ, ಶಾಂತವಾಗಿ ನಿರಾಳವಾಗಿ ಇದ್ದಿರಾ, ಹುರುಪಿನಿಂದ ಓಡಾಡಿಕೊಂಡಿದ್ದಿರಾ, ಬೆಳಿಗ್ಗೆ ಏಳುವಾಗ ದಣಿವಾರಿದಂತೆ ಅನ್ನಿಸಿತೇ, ದಿನದಲ್ಲಿ ನಿಮಗೆ ಆಸಕ್ತಿಯ ಸಂಗತಿಗಳು ಇದ್ದವೇ. ಪ್ರತಿಯೊಂದಕ್ಕೂ ‘ಒಂದು ದಿನವೂ ಇಲ್ಲ’ ಅಂದರೆ 0, ‘ಯಾವಾಗಲೂ’ ಅಂದರೆ 5. ಐದರ ಮೊತ್ತವನ್ನು 4ರಿಂದ ಗುಣಿಸಿ, ನೂರಕ್ಕೆ ಎಷ್ಟು ಅಂತ ಸಿಗುತ್ತದೆ. 50 ಅಥವಾ ಅದಕ್ಕಿಂತ ಕಡಿಮೆ ಬಂದವರ ಮನಸ್ಸು ಕುಗ್ಗಿರಬಹುದು, ಅವರನ್ನು ಇನ್ನಷ್ಟು ವಿಚಾರಿಸಬೇಕು ಎಂದು ಅರ್ಥ. ಅದನ್ನು ರೋಗದ ಹೆಸರು ಅಂತ ತಿಳಿಯಬೇಡಿ.

ಇದರ ಕೆಳಗೆ ನಿಮ್ಮದೇ ಮೂರು ಪ್ರಶ್ನೆ ಸೇರಿಸಿ. ಹೋದ ತಿಂಗಳ ಸಂಬಳ ಯಾವ ತಾರೀಖಿಗೆ ಕೈ ಸೇರಿತು? ನಿಮ್ಮದು ಯಾವುದಾದರೂ ಕಡತ ಬಾಕಿ ಇದೆಯೇ, ಎಷ್ಟು ತಿಂಗಳಾಯಿತು? ನಾಳೆಯೇ ಒಂದು ಸಂಗತಿ ಬದಲಾಗುವುದಾದರೆ ಯಾವುದು ಬದಲಾಗಬೇಕು? ಮೂರನೆಯದಕ್ಕೆ ಬರುವ ಉತ್ತರಗಳನ್ನು ಓದುವುದೇ ಒಂದು ಪಾಠ. ‘ಬೋನಸ್ ಬೇಕು’ ಅಂತ ಬರೆಯುವವರು ಕಡಿಮೆ. ‘ಎರಡನೇ ಮಹಡಿಯ ನಳಕ್ಕೆ ನೀರು ಬರಲಿ’ ಅಂತ ಬರೆಯುವವರು ಜಾಸ್ತಿ.

ಹೆಸರು ಬೇಡ. ಹುದ್ದೆಯೂ ಬೇಡ. ಕಾಯಂ, ಅತಿಥಿ, ಹೊರಗುತ್ತಿಗೆ ಇವುಗಳಲ್ಲಿ ಯಾವುದು ಅಂತ ಗುರುತು ಹಾಕಿದರೆ ಸಾಕು. ಮೂರೇ ಜನರಿರುವ ಶಾಖೆಯಲ್ಲಿ ‘ಹೆಸರು ಬರೆಯಬೇಡಿ’ ಅಂದರೂ ಅಕ್ಷರ ನೋಡಿ ಯಾರದು ಅಂತ ಗೊತ್ತಾಗುತ್ತದೆ, ಅಲ್ವಾ? ಅಂಥ ಸಣ್ಣ ಶಾಖೆಗಳನ್ನೆಲ್ಲ ಸೇರಿಸಿ ಒಂದು ಗುಂಪು ಮಾಡಿ. ಹಾಳೆ ಸಂಗ್ರಹಿಸುವವರು ಬೇರೆ ಸಂಸ್ಥೆಯವರಾದರೆ ಒಳ್ಳೆಯದು. ನಮ್ಮ ಊರುಗಳಲ್ಲಿ ಸಮಾಜಕಾರ್ಯ, ಮನಃಶಾಸ್ತ್ರ ಓದಿಸುವ ಕಾಲೇಜುಗಳು ಬೇಕಾದಷ್ಟಿವೆ. ಓದು ಬರಹ ಕಡಿಮೆ ಇರುವವರನ್ನು ಅವರ ಪಕ್ಕ ಕೂತು, ಮೇಲ್ವಿಚಾರಕರು ಇಲ್ಲದ ಜಾಗದಲ್ಲಿ, ಬಾಯಿಮಾತಿನಲ್ಲಿ ಕೇಳಿ.

ಒಂದು ತಿಂಗಳೊಳಗೆ ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕಿ. ಏನು ಬಂತು, ಯಾವುದನ್ನು ಮಾಡುತ್ತೇವೆ, ಯಾವುದನ್ನು ಮಾಡಲಾಗದು, ಯಾಕೆ. ಕೇಳಿ ಸುಮ್ಮನಾಗುವುದಕ್ಕಿಂತ ಕೇಳದೇ ಇರುವುದು ವಾಸಿ.

3. ಸಂಬಳದ ತಾರೀಖು

ಕಾನೂನಿನ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಕಾಯಂ ನೌಕರರಿಗೆ ಇದು ಬಹುತೇಕ ಸರಿಯಾಗಿ ನಡೆಯುತ್ತದೆ. ಅತಿಥಿ ಉಪನ್ಯಾಸಕರ ಗೌರವಧನ, ಹೊರಗುತ್ತಿಗೆಯವರ ಕೂಲಿ ಮಾತ್ರ ತಿಂಗಳುಗಟ್ಟಲೆ ತಡವಾಗುತ್ತದೆ. ‘ಸರ್ಕಾರದಿಂದ ಅನುದಾನ ಬಂದಿಲ್ಲ’ ಎಂಬುದು ಕೆಲವು ಸಲ ನಿಜ. ಅನೇಕ ಸಲ ಅನುದಾನ ಬಂದಿರುತ್ತದೆ, ಹಾಜರಾತಿ ಪತ್ರ ಮಾತ್ರ ವಿಭಾಗದಿಂದ ಹೊರಟಿರುವುದಿಲ್ಲ.

ಹೀಗೆ ಮಾಡಿ. ಪ್ರತಿ ತಿಂಗಳ 25ಕ್ಕೆ ವಿಭಾಗದಿಂದ ಹಾಜರಾತಿ, 28ಕ್ಕೆ ಬಿಲ್, 30ಕ್ಕೆ ಹಣಕಾಸು ಶಾಖೆ ಎಂದು ದಿನ ಗೊತ್ತುಮಾಡಿ. ಹಾಜರಾತಿ ಕಳಿಸದ ವಿಭಾಗದ ಹೆಸರನ್ನು 26ನೇ ತಾರೀಖು ಎಲ್ಲ ಮುಖ್ಯಸ್ಥರ ಗುಂಪಿಗೆ ಹಾಕಿ. ಇದರಿಂದ ಸ್ವಲ್ಪ ಮುಜುಗರ ಆಗುತ್ತದೆ. ಆಗಲಿ. ಅನುದಾನವೇ ತಡವಾದರೆ ಅದನ್ನೂ ಮುಚ್ಚಿಡದೆ ಬರೆದು ತಿಳಿಸಿ. ‘ಈ ತಿಂಗಳು 20ರ ನಂತರ’ ಅಂತ ಮೊದಲೇ ಗೊತ್ತಾದರೆ ಮನೆ ಬಾಡಿಗೆಯವರಿಗೆ ಹೇಳಿಕೊಳ್ಳಬಹುದು.

ಹೊರಗುತ್ತಿಗೆಯವರ ವಿಷಯ ಸ್ವಲ್ಪ ನಿಂತು ನೋಡಬೇಕು. ಗುತ್ತಿಗೆದಾರ ಕೂಲಿ ಕೊಡದಿದ್ದರೆ, ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಬೇಕು ಎಂದು ಗುತ್ತಿಗೆ ಕಾರ್ಮಿಕರ ಕಾನೂನು ಬಹಳ ಹಿಂದಿನಿಂದಲೂ ಹೇಳುತ್ತಿದೆ. ಅಂದರೆ ‘ಅವರು ಏಜೆನ್ಸಿಯವರು, ನಮಗೆ ಸಂಬಂಧ ಇಲ್ಲ’ ಎಂಬ ಮಾತು ನಡೆಯುವುದಿಲ್ಲ. ಬಿಲ್ ಪಾಸು ಮಾಡುವ ಮೊದಲು ಹಿಂದಿನ ತಿಂಗಳ ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ನೌಕರರ ವಿಮೆ) ಹಣ ಕಟ್ಟಿದ ಚಲನ್ ಕೇಳಿ. ಬರೀ ಚಲನ್ ಸಾಲದು. ಗುತ್ತಿಗೆದಾರ ಹತ್ತು ಕಡೆ ಜನ ಇಟ್ಟಿರುತ್ತಾನೆ, ಎಲ್ಲದಕ್ಕೂ ಸೇರಿಸಿ ಒಂದೇ ಚಲನ್ ತೋರಿಸುತ್ತಾನೆ. ಅದರ ಜೊತೆಗಿನ ಹೆಸರುಗಳ ಪಟ್ಟಿ ತರಿಸಿ ನಿಮ್ಮ ಹಾಜರಾತಿ ಪುಸ್ತಕದ ಹೆಸರುಗಳಿಗೆ ಒಂದೊಂದಾಗಿ ಗುರುತು ಹಾಕಿ. ಪಿಎಫ್‌ಗೆ ನೌಕರರಿಂದ 12, ಮಾಲೀಕರಿಂದ 12 ಶೇಕಡ. ಇಎಸ್‌ಐಗೆ ನೌಕರರಿಂದ 0.75, ಮಾಲೀಕರಿಂದ 3.25 ಶೇಕಡ. ಇಎಸ್‌ಐ ಅನ್ವಯಿಸುವುದು ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ.

ಇನ್ನೊಂದು ಕೆಲಸಕ್ಕೆ ಒಂದು ಮಧ್ಯಾಹ್ನ ಕೊಡಿ. ಗ್ರಂಥಾಲಯದ ಕಂಪ್ಯೂಟರ್ ಮುಂದೆ ಹೊರಗುತ್ತಿಗೆಯವರನ್ನೆಲ್ಲ ಕೂರಿಸಿ, ಪಿಎಫ್ ಪಾಸ್‌ಬುಕ್ ನೋಡುವುದು ಹೇಗೆ ಅಂತ ಕಲಿಸಿ. ಆಗ ಒಂದು ವಿಚಿತ್ರ ಬಯಲಾಗಬಹುದು. ಕೆಲವರ ಯುಎಎನ್‌ಗೆ (ಪಿಎಫ್ ಖಾತೆಯ ಸಂಖ್ಯೆಗೆ) ಜೋಡಿಸಿದ ಮೊಬೈಲ್ ನಂಬರ್ ಅವರದಾಗಿರುವುದಿಲ್ಲ, ಗುತ್ತಿಗೆದಾರನ ಸೂಪರ್‌ವೈಸರ್‌ದಾಗಿರುತ್ತದೆ. ಒಟಿಪಿ ಅವನ ಫೋನಿಗೆ ಹೋಗುತ್ತದೆ. ತನ್ನ ದುಡ್ಡು ಎಷ್ಟಿದೆ ಅಂತ ನೋಡಲು ಕಸ ಗುಡಿಸುವ ತಾಯಿ ಅವನನ್ನೇ ಕೇಳಬೇಕು. ನಂಬರ್ ಬದಲಾಯಿಸಿ ಕೊಡುವವರೆಗೆ ಆ ತಿಂಗಳ ಬಿಲ್ ತಡೆಹಿಡಿಯುತ್ತೇವೆ ಅಂದರೆ ಗುತ್ತಿಗೆದಾರ ಎರಡೇ ದಿನದಲ್ಲಿ ಓಡಿ ಬರುತ್ತಾನೆ. ಕೂಲಿ ಮಾತ್ರ ಆ ನೆಪದಲ್ಲಿ ನಿಲ್ಲದಂತೆ ನೋಡಿಕೊಳ್ಳಿ.

4. ಕಡತ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಉಳಿದದ್ದು ಯಾವುದೂ ಆಗದಿದ್ದರೆ ಇದೊಂದನ್ನಾದರೂ ಮಾಡಿ.

ಒಂದು ಗಳಿಕೆ ರಜೆ ನಗದೀಕರಣದ, ಅಂದರೆ ಉಳಿದ ರಜೆಗೆ ಬದಲಾಗಿ ದುಡ್ಡು ಕೇಳುವ ಅರ್ಜಿ ಹೇಗೆ ಓಡಾಡುತ್ತದೆ ನೋಡಿ. ವಿಭಾಗದಿಂದ ಟಪಾಲು ಶಾಖೆಗೆ, ಅಲ್ಲಿ ಇನ್‌ವರ್ಡ್ ನಂಬರ್. ಅಲ್ಲಿಂದ ವಿಷಯ ನಿರ್ವಾಹಕರ (ಆ ಕಡತ ನೋಡಿಕೊಳ್ಳುವ ಗುಮಾಸ್ತರ) ಮೇಜಿಗೆ. ಅವರು ಟಿಪ್ಪಣಿ ಬರೆದು ಅಧೀಕ್ಷಕರಿಗೆ, ಅವರಿಂದ ಸಹಾಯಕ ಕುಲಸಚಿವರಿಗೆ, ಉಪ ಕುಲಸಚಿವರಿಗೆ, ಕುಲಸಚಿವರಿಗೆ. ಹಣದ ವಿಷಯ ಅಂದಮೇಲೆ ಹಣಕಾಸು ಅಧಿಕಾರಿಗೆ. ಅಲ್ಲಿ ಯಾರೋ ಅಂಚಿನಲ್ಲಿ ‘ಚರ್ಚಿಸಿ’ ಅಂತ ಬರೆಯುತ್ತಾರೆ. ಕಡತ ಹಾಗೇ ಇಳಿದು ವಿಷಯ ನಿರ್ವಾಹಕರ ಮೇಜಿಗೆ ವಾಪಸ್. ಅವರು ಚರ್ಚಿಸಲು ಹೋದಾಗ ಸಾಹೇಬರು ಬೆಂಗಳೂರಿನಲ್ಲಿ. ಸಾಹೇಬರು ಬಂದಾಗ ಇವರು ರಜೆಯಲ್ಲಿ. ಹದಿನೈದು ದಿನ ಹೋಯಿತು. ನಂತರ ‘ಸೇವಾ ಪುಸ್ತಕ (ನೌಕರಿಯ ದಾಖಲೆ ಪುಸ್ತಕ) ಲಗತ್ತಿಸಿ’ ಎಂಬ ಆಕ್ಷೇಪ. ಲಗತ್ತಿಸಿದ ಮೇಲೆ ‘ಹಿಂದಿನ ಆದೇಶದ ಪ್ರತಿ ಎಲ್ಲಿ’ ಎಂಬ ಇನ್ನೊಂದು ಆಕ್ಷೇಪ. ಇಷ್ಟರಲ್ಲಿ ಅರ್ಜಿ ಹಾಕಿದವರು ದಿನವೂ ಮಧ್ಯಾಹ್ನ ಆಡಳಿತ ಕಟ್ಟಡದ ಮೆಟ್ಟಿಲು ಹತ್ತಿ, “ಏನಾತ್ರಿ ನಮ್ಮದು?” ಅಂತ ಕೇಳಿ ಇಳಿಯುತ್ತಿರುತ್ತಾರೆ. ಮೇಜಿನ ಆ ಕಡೆ ಇರುವವರಿಗೂ ಇದು ನರಕವೇ. ದಿನಕ್ಕೆ ಇಪ್ಪತ್ತು ಜನ ಬಂದು ಕೇಳಿದರೆ ಟಿಪ್ಪಣಿ ಬರೆಯುವುದು ಯಾವಾಗ?

ಸಾರ್ವಜನಿಕರ ಅರ್ಜಿಗಳಿಗೆ ಗಡುವು ಹಾಕುವ ‘ಸಕಾಲ’ ನಮ್ಮ ರಾಜ್ಯದಲ್ಲಿ 2012ರಿಂದ ಇದೆ. ಹೊರಗಿನವರಿಗೆ ಇಂತಿಷ್ಟು ದಿನ ಎಂದು ಮಾತು ಕೊಡುವ ನಾವು ಒಳಗಿನವರಿಗೆ ಯಾಕೆ ಕೊಡಬಾರದು? ಸಿಬ್ಬಂದಿ ಮತ್ತೆ ಮತ್ತೆ ಕೇಳುವ ಎಂಟು ಹತ್ತು ಸೇವೆಗಳನ್ನು ಆರಿಸಿ. ಗಳಿಕೆ ರಜೆ ಮಂಜೂರಾತಿ, ರಜೆ ನಗದೀಕರಣ, ವೇತನ ಬಡ್ತಿ, ವೈದ್ಯಕೀಯ ವೆಚ್ಚ ಮರುಪಾವತಿ, ಪಾಸ್‌ಪೋರ್ಟಿಗೆ ನಿರಾಕ್ಷೇಪಣಾ ಪತ್ರ, ಅನುಭವ ಪ್ರಮಾಣಪತ್ರ, ಪಿಎಚ್‌ಡಿ ಅಥವಾ ಉನ್ನತ ಓದಿಗೆ ಅನುಮತಿ. ಒಂದೊಂದಕ್ಕೂ ಗಡುವು ಹಾಕಿ. ನನ್ನನ್ನು ಕೇಳಿದರೆ ರಜೆಗೆ 3 ಕೆಲಸದ ದಿನ, ಪ್ರಮಾಣಪತ್ರಗಳಿಗೆ 7, ಹಣದ ವಿಷಯಕ್ಕೆ 21. ಮೊದಲ ವರ್ಷ ಇದಕ್ಕಿಂತ ಬಿಗಿ ಮಾಡಬೇಡಿ, ಪಾಲಿಸಲಾಗದ ಗಡುವು ಗಡುವೇ ಅಲ್ಲ.

ಗಡುವಿನ ಜೊತೆಗೆ ಕೆಲವು ನಿಯಮ ಬೇಕು. ಆಕ್ಷೇಪಗಳಿದ್ದರೆ ಎಲ್ಲವನ್ನೂ ಒಂದೇ ಸಲ ಬರೆಯಬೇಕು, ಕಂತುಕಂತಾಗಿ ಅಲ್ಲ. ‘ಚರ್ಚಿಸಿ’ ಅಂತ ಬರೆಯುವವರು ಅದರ ಪಕ್ಕ ದಿನ, ವೇಳೆ ಎರಡನ್ನೂ ಬರೆಯಬೇಕು. ಆ ದಿನ ಚರ್ಚೆ ಆಗದಿದ್ದರೆ ಕಡತ ತಾನಾಗಿ ಮೇಲಕ್ಕೆ ಹೋಗಬೇಕು. ಸಣ್ಣ ರಜೆಗಳನ್ನು ಮಂಜೂರು ಮಾಡುವ ಅಧಿಕಾರ ವಿಭಾಗದ ಮುಖ್ಯಸ್ಥರ ಮಟ್ಟದಲ್ಲೇ ಮುಗಿಯಬೇಕು, ಅದಕ್ಕೆ ಕುಲಸಚಿವರ ಸಹಿ ಯಾಕೆ? ಒಬ್ಬ ನಿರ್ವಾಹಕರು ರಜೆ ಹೋದರೆ ಅವರ ಕಡತ ಯಾರು ನೋಡುತ್ತಾರೆ ಎಂಬ ಜೋಡಿ ಹೆಸರು ಗೋಡೆಯ ಮೇಲಿರಬೇಕು.

ಕಡತ ಎಲ್ಲಿದೆ ಅಂತ ತೋರಿಸಲು ದೊಡ್ಡ ಸಾಫ್ಟ್‌ವೇರ್ ಬೇಡ. ಕಡತವನ್ನು ಕಂಪ್ಯೂಟರಿನಲ್ಲೇ ಓಡಾಡಿಸುವ ಇ-ಆಫೀಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಲ್ಲರೂ ನೋಡಬಹುದಾದ ಒಂದು ಆನ್‌ಲೈನ್ ಹಾಳೆ ಸಾಕು. ಇನ್‌ವರ್ಡ್ ನಂಬರ್, ದಿನಾಂಕ, ಈಗ ಯಾರ ಬಳಿ, ಎಂದಿನಿಂದ. ಅರ್ಜಿದಾರರ ಹೆಸರು ಬೇಡ, ನಂಬರ್ ಅವರಿಗೆ ಗೊತ್ತಿರುತ್ತದೆ. ಟಪಾಲು ಶಾಖೆಯ ಒಬ್ಬರು ಸಂಜೆ ಅರ್ಧ ತಾಸು ಕೂತು ತುಂಬಿದರೆ ಆಯಿತು. ಇದು ಶುರುವಾದ ಮೇಲೆ ಮೆಟ್ಟಿಲು ಹತ್ತುವವರು ಕಡಿಮೆಯಾಗುತ್ತಾರೆ. ಸೋಮವಾರದ ಅಧಿಕಾರಿಗಳ ಸಭೆಯಲ್ಲಿ ಗಡುವು ದಾಟಿದ ಕಡತಗಳನ್ನು ಮಾತ್ರ ಓದಿ. ಹತ್ತು ನಿಮಿಷ ಸಾಕು.

ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆ ನೌಕರರ ಕೈಗೆ ಕೊಟ್ಟು, ನೋಡಿಸಿ, ಸಹಿ ಹಾಕಿಸಿಕೊಳ್ಳಿ. ನಿವೃತ್ತಿಗೆ ಮೂರು ತಿಂಗಳಿದೆ ಎನ್ನುವಾಗ ಹುಟ್ಟಿದ ತಾರೀಖು, ನಾಮನಿರ್ದೇಶನದ ಗೊಂದಲ ಹೊರಬಂದು ಪಿಂಚಣಿ ನಿಂತವರನ್ನು ಎಲ್ಲರೂ ನೋಡಿದ್ದೇವೆ.

5. ಕೆಲಸದ ಹಂಚಿಕೆ

ಬೋಧಕರ ಹೊರೆಗೆ ಅಳತೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಪ್ರಕಾರ ನೇರ ಪಾಠ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೆ ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ. ಈ ಲೆಕ್ಕದಲ್ಲಿ ಸಮಿತಿಗಳ ಕೆಲಸ ಕಾಣುವುದಿಲ್ಲ. ಗುಣಮಟ್ಟ ಅಳೆಯುವ ನ್ಯಾಕ್‌ ಸಂಸ್ಥೆಗೆ ಮಾನದಂಡಗಳ ದಾಖಲೆ, ಪ್ರವೇಶ, ಹಾಸ್ಟೆಲ್, ಎನ್ಎಸ್ಎಸ್, ಘಟಿಕೋತ್ಸವದ ಊಟದ ಸಮಿತಿ. ಕಂಪ್ಯೂಟರ್ ಬರುವ, ‘ಇಲ್ಲ’ ಅನ್ನಲು ಬಾರದ ಇಬ್ಬರು ಕಿರಿಯರ ತಲೆಗೆ ಇಷ್ಟೂ ಬೀಳುತ್ತದೆ. ಅವರಲ್ಲೊಬ್ಬರು ಅತಿಥಿ ಉಪನ್ಯಾಸಕರಾಗಿರುವುದೂ ಉಂಟು, ಗಂಟೆ ಲೆಕ್ಕದಲ್ಲಿ ದುಡ್ಡು ಪಡೆಯುವವರಿಗೆ ಬಿಟ್ಟಿ ಕೆಲಸ.

ಪ್ರತಿ ವಿಭಾಗದ ಗೋಡೆಗೆ ಒಂದು ಪಟ್ಟಿ ಅಂಟಿಸಿ: ಯಾರು ಎಷ್ಟು ಗಂಟೆ ಪಾಠ, ಯಾವ ಯಾವ ಸಮಿತಿ. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಸಮಿತಿ ಬೇಡ. ಪಟ್ಟಿ ಕಣ್ಣೆದುರು ಇದ್ದರೆ ಹಂಚಿಕೆ ತಾನಾಗಿ ಸುಧಾರಿಸುತ್ತದೆ, ಯಾಕೆಂದರೆ ಸೊನ್ನೆ ಸಮಿತಿಯವರ ಹೆಸರೂ ಅದೇ ಗೋಡೆಯ ಮೇಲೆ ಇರುತ್ತದೆ.

ಬೋಧಕೇತರರಲ್ಲಿ ಪರೀಕ್ಷಾ ವಿಭಾಗದವರದು ಬೇರೆಯೇ ಪಾಡು. ಫಲಿತಾಂಶದ ಹೊತ್ತಿಗೆ ರಾತ್ರಿ ಎಂಟಾದರೂ ದೀಪ ಆರುವುದಿಲ್ಲ. ಇದನ್ನು ಪೂರ್ತಿ ತಪ್ಪಿಸಲಾಗದು, ಆದರೆ ಹಗುರ ಮಾಡಬಹುದು. ಪರೀಕ್ಷೆಯ ವೇಳಾಪಟ್ಟಿ ಮಾಡುವಾಗಲೇ ಬೇರೆ ಶಾಖೆಗಳಿಂದ ಯಾರು ಯಾವ ವಾರ ಕೈಜೋಡಿಸುತ್ತಾರೆ ಎಂದು ಗೊತ್ತುಮಾಡಿ. ಏಳು ಗಂಟೆ ದಾಟಿದರೆ ಊಟ ಮತ್ತು ಮನೆ ಮುಟ್ಟಿಸಲು ವಾಹನ ಸಂಸ್ಥೆಯದೇ ಆಗಿರಲಿ. ಭಾನುವಾರ ಬಂದವರಿಗೆ ಬದಲಿ ರಜೆಯನ್ನು ಅದೇ ತಿಂಗಳಲ್ಲಿ ಕೊಡಿ. ‘ಆಮೇಲೆ ನೋಡೋಣ’ ಅಂದ ಬದಲಿ ರಜೆ ಯಾರಿಗೂ ಸಿಕ್ಕಿದ್ದಿಲ್ಲ.

ವಾಟ್ಸಾಪ್ ಬಗ್ಗೆ ಒಂದೇ ಮಾತು. ಸಂಜೆ ಏಳರ ನಂತರ ಗುಂಪಿನಲ್ಲಿ ಆದೇಶ ಹಾಕಬಾರದು. ನಿಜವಾಗಿ ತುರ್ತಿದ್ದರೆ ಫೋನ್ ಮಾಡಿ. ಫೋನ್ ಮಾಡಲು ಸಂಕೋಚ ಅನ್ನಿಸಿದರೆ ಅದು ತುರ್ತು ಅಲ್ಲ ಅಂತಲೇ ಅರ್ಥ.

6. ಕೂರುವ ಜಾಗ, ಕುಡಿಯುವ ನೀರು, ಕೀಲಿ

ಕ್ಯಾಂಪಸ್ಸಿನಲ್ಲಿ ಒಂದು ಸುತ್ತು ನಡೆಯಿರಿ, ಜೊತೆಗೆ ಎಂಜಿನಿಯರಿಂಗ್ ಶಾಖೆಯವರಿರಲಿ. ಪ್ರತಿ ಶೌಚಾಲಯದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ: ಇದರ ಕೀಲಿ ಯಾರ ಹತ್ತಿರ ಇದೆ? ಚೊಕ್ಕ ಇರುವ ಶೌಚಾಲಯಕ್ಕೆ ಬೀಗ ಇರುತ್ತದೆ, ಕೀಲಿ ಮೇಡಂ ಅವರ ಡ್ರಾದಲ್ಲಿ. ಅದನ್ನು ದಿನವೂ ತೊಳೆಯುವ ಹೆಣ್ಣುಮಗಳು ಮಾತ್ರ ಅದನ್ನು ಬಳಸುವಂತಿಲ್ಲ, ಅವಳು ಆಚೆ ಕಟ್ಟಡಕ್ಕೆ ಹೋಗಬೇಕು. ಇಂಥ ಬೀಗಗಳನ್ನು ತೆಗೆಸಲು ಒಂದು ರೂಪಾಯಿ ಖರ್ಚಿಲ್ಲ. ನೀರು, ಮಗ್ಗು, ಸ್ಯಾನಿಟರಿ ಪ್ಯಾಡ್ ಹಾಕುವ ಮುಚ್ಚಳದ ಡಬ್ಬಿ, ಒಳಗಿನ ಚಿಲಕ ಎಲ್ಲ ನೋಡಿಕೊಳ್ಳಿ.

ಆಮೇಲೆ ಊಟದ ಜಾಗ. ನಮ್ಮ ಕಡೆ ಬುತ್ತಿ ತರುವವರೇ ಹೆಚ್ಚು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಬಿಚ್ಚಿಕೊಂಡು ನಾಲ್ಕು ಜನ ಹಂಚಿಕೊಂಡು ತಿನ್ನುವುದರಲ್ಲಿ ಒಂದು ಸುಖವಿದೆ. ಆದರೆ ಕಡತಗಳ ನಡುವೆ, ಅದೇ ಮೇಜಿನ ಮೇಲೆ ತಿನ್ನುವಾಗಲೂ “ಸರ್, ಒಂದ್ ಮಾರ್ಕ್ಸ್ ಕಾರ್ಡ್…” ಅಂತ ಯಾರಾದರೂ ಬಂದೇ ಬರುತ್ತಾರೆ. ಒಂದು ಖಾಲಿ ಕೋಣೆ, ಎರಡು ಬೆಂಚು, ಕೈ ತೊಳೆಯುವ ನಳ, ಒಂದು ಫ್ಯಾನು ಇಷ್ಟು ಒದಗಿಸಿ. ಬಾಗಿಲ ಮೇಲೆ ಯಾವ ಹುದ್ದೆಯ ಹೆಸರೂ ಬೇಡ. ಡೀನ್ ಕೂಡ ಅಲ್ಲೇ ಕೂತು ಊಟ ಮಾಡಿದ ದಿನ ಕೋಣೆಯ ಹವೆಯೇ ಬದಲಾಗುತ್ತದೆ.

ಬಿಸಿಲು ಇನ್ನೊಂದು. ಧಾರವಾಡದವರು ಹೇಗೋ ತಡೆದುಕೊಳ್ಳುತ್ತಾರೆ, ಗದಗ ಕಡೆಯ ಏಪ್ರಿಲ್ ಹಾಗಲ್ಲ. ಗೇಟಿನ ಸೆಕ್ಯೂರಿಟಿಯವರಿಗೆ ನೆರಳು, ತಣ್ಣೀರು, ಮಧ್ಯಾಹ್ನ ಪಾಳಿ ಬದಲಾವಣೆ ಬೇಕೇ ಬೇಕು. ತೋಟದ ಕೆಲಸವನ್ನು ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಶುರು ಮಾಡಿ, ಬಿಸಿಲೇರುವ ಮುಂಚೆ ಮುಗಿಸಿ.

ಓಡಾಟವನ್ನೂ ಇದರಲ್ಲೇ ಸೇರಿಸುತ್ತೇನೆ. ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಕೆಲಸ, ಅಥವಾ ಅದರ ತಿರುವುಮುರುವು ನಮ್ಮಲ್ಲಿ ತೀರಾ ಸಾಮಾನ್ಯ. ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸು ಬಂದ ಮೇಲೆ ನವನಗರ, ಸತ್ತೂರು ದಾರಿಯಲ್ಲಿರುವವರಿಗೆ ಅನುಕೂಲವಾಗಿದೆ. ಆದರೆ ನಿಲ್ದಾಣದಲ್ಲಿ ಇಳಿದ ಮೇಲೆ ವಿಭಾಗದವರೆಗಿನ ದಾರಿ, ಅದರಲ್ಲೂ ಮಳೆಗಾಲದಲ್ಲಿ, ಕಷ್ಟ. ಒಂದು ವ್ಯಾನು ಬೆಳಿಗ್ಗೆ, ಸಂಜೆ ಓಡಿಸಿದರೆ ಬಹಳ ಜನಕ್ಕೆ ಉಪಕಾರ. ನಾಗಾವಿ, ಗೊಟಗೋಡಿಯಂತೆ ಊರ ಹೊರಗಿನ ಕ್ಯಾಂಪಸ್ಸಿನವರು ವಾಯವ್ಯ ಸಾರಿಗೆಯ ಡಿಪೊ ವ್ಯವಸ್ಥಾಪಕರಿಗೆ ಪತ್ರ ಬರೆಯುವಾಗ ‘ಬಸ್ ಬಿಡಿ’ ಅಂತಷ್ಟೇ ಬರೆಯಬೇಡಿ. ಯಾವ ನಿಲ್ದಾಣದಿಂದ ಎಷ್ಟು ಜನ, ಎಷ್ಟು ಗಂಟೆಗೆ ಎಂಬ ಪಟ್ಟಿ ಲಗತ್ತಿಸಿ. ಅಂಥ ಪತ್ರಕ್ಕೆ ಬೆಲೆ ಬೇರೆ.

50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದಲೂ ಕಾನೂನು ಹೇಳುತ್ತಿದೆ. ಕೇಂದ್ರ ಇಲ್ಲದಿದ್ದರೆ ಒಂದು ಖಾಲಿ ವಸತಿಗೃಹದಲ್ಲಿ ಶುರು ಮಾಡಬಹುದು.

7. ಮುಖ್ಯಸ್ಥರು

ಒಳ್ಳೆಯ ಸಂಶೋಧಕರೆಲ್ಲ ಒಳ್ಳೆಯ ಮುಖ್ಯಸ್ಥರಾಗುವುದಿಲ್ಲ. ಸರದಿ ಬಂತು ಅಂತ ಕುರ್ಚಿಯಲ್ಲಿ ಕೂತವರಿಗೆ ಜನರನ್ನು ನೋಡಿಕೊಳ್ಳುವುದು ಹೇಗೆ ಅಂತ ಯಾರೂ ಕಲಿಸಿರುವುದಿಲ್ಲ. ಅಧಿಕಾರ ವಹಿಸಿಕೊಂಡ ಮೊದಲ ತಿಂಗಳಲ್ಲೇ ಅವರಿಗೆ ಒಂದು ದಿನದ ತರಬೇತಿ ಕೊಡಿ. ರಜೆ ನಿಯಮ, ದೂರು ಬಂದಾಗ ಏನು ಮಾಡಬೇಕು, ಕೆಲಸ ಹಂಚುವುದು, ಇವಿಷ್ಟು ಸಾಕು. ಅದರ ಜೊತೆಗೆ ನಡವಳಿಕೆಯ ಕೆಲವು ಮಾತು. ನಾಲ್ಕು ಜನರ ಮುಂದೆ ಬೈಯಬಾರದು. ಹೊಗಳುವುದಾದರೆ ನಾಲ್ಕು ಜನರ ಮುಂದೆಯೇ ಹೊಗಳಿ, ಸಾಧ್ಯವಾದರೆ ಕಾಗದದಲ್ಲಿ, ಒಂದು ಪ್ರತಿ ಸೇವಾ ದಾಖಲೆಗೆ. ಅಟೆಂಡರ್ ವಯಸ್ಸಿನಲ್ಲಿ ನಿಮ್ಮ ಅಪ್ಪನಷ್ಟಿದ್ದರೂ “ಏ ಬಾರೋ ಇಲ್ಲಿ” ಅನ್ನುವ ರೂಢಿ ಕೆಲವರಿಗಿದೆ. “ಬರ್ರಿ” ಅನ್ನಲು ಏನೂ ಕಷ್ಟವಿಲ್ಲ.

ತಿಂಗಳಿಗೊಮ್ಮೆ ಪ್ರತಿಯೊಬ್ಬರ ಜೊತೆ ಹದಿನೈದು ನಿಮಿಷ ಕೂತು ಮಾತಾಡುವುದು ಒಳ್ಳೆಯ ಅಭ್ಯಾಸ. ಬಾಗಿಲು ಹಾಕಿ, ಫೋನ್ ಮಗುಚಿ ಇಟ್ಟು, “ಏನ್ ನಡದೈತ್ರಿ? ನನ್ನಿಂದ ಏನರ ಆಗಬೇಕಾ?” ಅಂತ ಕೇಳಿ. ಮೊದಲ ಎರಡು ತಿಂಗಳು ಎಲ್ಲರೂ “ಏನಿಲ್ರಿ, ಆರಾಮ್ರಿ” ಅನ್ನುತ್ತಾರೆ. ಮೂರನೇ ಸಲಕ್ಕೆ ಬಾಯಿ ಬಿಡುತ್ತಾರೆ.

8. ಸುರಕ್ಷತೆಯ ಕಾಗದಪತ್ರ

ಚಿಕ್ಕ ಹಂತ, ಆದರೆ ಬಿಡುವಂತಿಲ್ಲ. 10 ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳ ತಡೆಯಲು ಆಂತರಿಕ ಸಮಿತಿ ಇರಬೇಕು ಎಂಬುದು 2013ರ ಕಾಯ್ದೆ. ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬಹುದು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅತಿಥಿ ಉಪನ್ಯಾಸಕಿಯರು, ಹೊರಗುತ್ತಿಗೆಯ ಮಹಿಳೆಯರು ಕೂಡ ದೂರು ಕೊಡಬಹುದು ಎಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಸದಸ್ಯರ ಫೋನ್ ನಂಬರ್ ಸಮೇತ ಬರೆದು ಹಾಕಿ. ಆ ಮಹಿಳೆಯರು ಕೂರುವ ಕೋಣೆಯಲ್ಲಿ ಹಾಕಿ, ಬರೀ ಆಡಳಿತ ಕಟ್ಟಡದಲ್ಲಿ ಅಲ್ಲ.

9. ಮನಸ್ಸಿನ ಆರೋಗ್ಯ

ಕೆಲಸದಿಂದ ಬೇಸತ್ತು ಬಸವಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಹೆಸರಿಸಿತು, ಕಾಯಿಲೆ ಎಂದಲ್ಲ. ಸದಾ ದಣಿವು, ಕೆಲಸದ ಬಗ್ಗೆ ಅಸಡ್ಡೆ, ‘ನನ್ನ ಕೈಲಿ ಏನೂ ಆಗಲ್ಲ’ ಎಂಬ ಭಾವ ಅದರ ಗುರುತು. ಹಿಂದಿನ ಹಂತಗಳು ಇದಕ್ಕೇ ಮದ್ದು. ಆದರೆ ನಿದ್ದೆ ಕೆಟ್ಟಿದೆ, ಅಳು ನಿಲ್ಲುತ್ತಿಲ್ಲ, ಕುಡಿತ ಜಾಸ್ತಿಯಾಗಿದೆ, ಬದುಕೇ ಬೇಡ ಅನ್ನಿಸುತ್ತಿದೆ ಎನ್ನುವವರಿಗೆ ಕಡತ ಸರಿಹೋದರೆ ಸಾಲದು, ವೈದ್ಯರು ಬೇಕು.

ಈ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅಡ್ಡಿ ಏನೆಂದರೆ ಊರವರ ಬಾಯಲ್ಲಿ ಅದಿನ್ನೂ ‘ಹುಚ್ಚರ ದವಾಖಾನಿ’. ಅಲ್ಲಿಂದ ಹೊರಬರುವುದನ್ನು ಯಾರಾದರೂ ನೋಡಿದರೆ ಏನಂದಾರು ಅಂತ ಜನ ಹೆದರುತ್ತಾರೆ. ಅದಕ್ಕೇ ಸಂಸ್ಥೆ ಎರಡು ಕೆಲಸ ಮಾಡಬೇಕು. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ವಾರಕ್ಕೊಮ್ಮೆ ಕ್ಯಾಂಪಸ್ಸಿಗೆ ಕರೆಸಬೇಕು. ಕೋಣೆ ಆರೋಗ್ಯ ಕೇಂದ್ರದೊಳಗೇ ಇರಲಿ, ಬಿಪಿ ತೋರಿಸಲು ಬಂದವರಾರು, ಮನಸ್ಸಿನ ಭಾರ ಹೇಳಲು ಬಂದವರಾರು ಅಂತ ಹೊರಗೆ ಗೊತ್ತಾಗಬಾರದು. ಎರಡನೆಯದು, ಬಂದವರ ಹೆಸರು ಆಡಳಿತಕ್ಕೆ ಹೋಗುವುದಿಲ್ಲ ಎಂದು ಕುಲಸಚಿವರು ಲಿಖಿತವಾಗಿ ಕೊಡಬೇಕು. ಚಿಕಿತ್ಸೆಯ ಗೌಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ಫೋನಿನಲ್ಲಿ ಮಾತಾಡುವುದು ಸುಲಭ ಅನ್ನುವವರಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ. ನಂಬರ್ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಗುರುತಿನ ಚೀಟಿಯ ಹಿಂದೆ ಮುದ್ರಿಸಿ.

10. ಈಗ ಖುಷಿಯ ಕಾರ್ಯಕ್ರಮ

ಇಷ್ಟಾದ ಮೇಲೆ ಯೋಗವೂ ಇರಲಿ, ಕ್ರಿಕೆಟ್ಟೂ ಇರಲಿ. ಬೋಧಕರ ಒಂದು ತಂಡ, ಬೋಧಕೇತರರ ಒಂದು ತಂಡ ಅಂತ ಮಾಡಬೇಡಿ, ಚೀಟಿ ಎತ್ತಿ ಬೆರೆಸಿ. ಪ್ರಾಧ್ಯಾಪಕರನ್ನು ಅವರ ವಿಭಾಗದ ಅಟೆಂಡರ್ ಔಟ್ ಮಾಡಿದ ಮ್ಯಾಚು ಆರು ತಿಂಗಳು ಚಹಾದ ಜೊತೆ ಚಪ್ಪರಿಸುವ ಮಾತಾಗುತ್ತದೆ. ತಿಂಗಳಿಗೊಂದು ಸಂಜೆ ಗಿರಮಿಟ್ಟು, ಮಿರ್ಚಿ, ಚಹಾ. ಭಾಷಣ ಬೇಡ. ಕಾರ್ಯಕ್ರಮ ಕೆಲಸದ ವೇಳೆಯಲ್ಲೇ ಇರಲಿ. ಭಾನುವಾರ ಕರೆದರೆ ಅದೂ ಇನ್ನೊಂದು ಡ್ಯೂಟಿ.

ನಿವೃತ್ತಿಯ ಬೀಳ್ಕೊಡುಗೆಗೆ ನಾವು ಶಾಲು, ಹಾರ, ಪೇಢೆ ಎಲ್ಲ ತರುತ್ತೇವೆ. ಅದರ ಜೊತೆಗೆ ಪಿಂಚಣಿ ಆದೇಶವನ್ನೋ, 2006ರ ಏಪ್ರಿಲ್ 1ರಂದು ಅಥವಾ ನಂತರ ಸೇರಿದವರಾದರೆ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಕಾಗದಗಳನ್ನೋ ಅದೇ ವೇದಿಕೆಯಲ್ಲಿ ಕೈಗೆ ಕೊಡುವಂತಾಗಬೇಕು. ಅದಕ್ಕೆ ಒಂದು ವರ್ಷ ಮೊದಲೇ ಕಡತ ತೆರೆಯಬೇಕು. ಮುಂದಿನ 18 ತಿಂಗಳಲ್ಲಿ ನಿವೃತ್ತರಾಗುವವರ ಪಟ್ಟಿ ಕುಲಸಚಿವರ ಮೇಜಿನ ಗಾಜಿನ ಕೆಳಗೆ ಇರಲಿ.

11. ಮತ್ತೆ ಅಳೆಯಿರಿ

ಮೊದಲ ಸಮೀಕ್ಷೆಯ ನಂತರ ಒಂದು ವರ್ಷಕ್ಕೆ ಅದೇ ಐದು ಪ್ರಶ್ನೆ, ಅದೇ ತಿಂಗಳಲ್ಲಿ ಕೇಳಿ. ಒಂದು ಸಲ ಪರೀಕ್ಷೆಯ ಗದ್ದಲದಲ್ಲಿ, ಇನ್ನೊಂದು ಸಲ ರಜೆ ಮುಗಿದ ವಾರದಲ್ಲಿ ಕೇಳಿದರೆ ಸಿಗುವ ವ್ಯತ್ಯಾಸ ಕ್ಯಾಲೆಂಡರಿನದು, ನಿಮ್ಮ ಕೆಲಸದ್ದಲ್ಲ. ಸರಾಸರಿ ಒಂದನ್ನೇ ನೋಡಿ ಸಮಾಧಾನ ಪಡಬೇಡಿ. ಕಾಯಂ, ಅತಿಥಿ, ಹೊರಗುತ್ತಿಗೆ ಮೂರನ್ನೂ ಬೇರೆ ಬೇರೆ ತೆಗೆಯಿರಿ. ಕಾಯಂ ಸಿಬ್ಬಂದಿಯ ಅಂಕ ಏರಿ ಹೊರಗುತ್ತಿಗೆಯವರದು ಇದ್ದಲ್ಲೇ ಇದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಬೇಕು.

ಮನಸ್ಸಿನ ಅಂಕದ ಜೊತೆ ಎಣಿಸಲು ಸುಲಭವಾದ ಕೆಲವನ್ನು ಇಟ್ಟುಕೊಳ್ಳಿ: ಸಂಬಳ 7ರೊಳಗೆ ಬಂದ ತಿಂಗಳುಗಳು, ಗಡುವು ದಾಟಿದ ಕಡತಗಳು, ವರ್ಷದಲ್ಲಿ ಕೆಲಸ ಬಿಟ್ಟುಹೋದ ಅತಿಥಿ ಉಪನ್ಯಾಸಕರು. ಈ ಲೆಕ್ಕವನ್ನು ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸಭೆಯ ಕಾರ್ಯಸೂಚಿಯಲ್ಲಿ ವರ್ಷಕ್ಕೆರಡು ಸಲ ಸೇರಿಸಿ. ಸಮೀಕ್ಷೆಯ ತಾರೀಖನ್ನು ಪರೀಕ್ಷೆ, ಘಟಿಕೋತ್ಸವಗಳ ಜೊತೆಗೇ ಶೈಕ್ಷಣಿಕ ವೇಳಾಪಟ್ಟಿಯಲ್ಲಿ ಮುದ್ರಿಸಿಬಿಡಿ. ಕುಲಪತಿಗಳೂ ಕುಲಸಚಿವರೂ ಬದಲಾಗುತ್ತಾರೆ, ವೇಳಾಪಟ್ಟಿಯಲ್ಲಿ ಅಚ್ಚಾದ ತಾರೀಖನ್ನು ಮುಂದೆ ಹಾಕಲು ಹೊಸಬರಿಗೂ ಒಂದು ಕಡತ ತೆರೆಯಬೇಕಾಗುತ್ತದೆ.